ಅಪ್ಪಾಜಿ, ಜನರೇಟರ್ ಕೊನೆಗೂ ಸ್ಟಾರ್ಟ್ ಆಯ್ತು

ಫೀನಿಕ್ಸ್, ಅರಿಜೋನಾ
ನವೆಂಬರ್, ಭಾನುವಾರ

ಪ್ರೀತಿಯ ಅಪ್ಪಾಜಿ ಮತ್ತು ಅವ್ವನಿಗೆ ನಮಸ್ಕಾರಗಳು.

ನಾವು ನಾಲ್ಕೂ ಜನ ಚೆನ್ನಾಗಿದ್ದೇವೆ. ಪ್ರವಾಸದಲ್ಲಿದ್ದಾಗ ಎರಡು ದಿನ ಫೋನ್ ಸಿಗಲಿಲ್ಲ ಅಂತ ಅವ್ವ ಗಾಬರಿಯಾಗಿದ್ದಳಂತೆ. ಪೈನ್ ಮರಗಳ ಕಾಡಿನಲ್ಲಿದ್ದೆವು, ಸಿಗ್ನಲ್ ಇರಲಿಲ್ಲ. ಅಲ್ಲಿ ನಡೆದದ್ದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹಳೆಯ ಮೋಟರ್‌ಹೋಮ್ ಕೊಂಡಿದ್ದೇವೆ ಅಂದಿದ್ದೆನಲ್ಲ. ಗಾಡಿಯೊಳಗೇ ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಇದೆ. ಲೈಟು, ಹೀಟರ್ ಫ್ಯಾನ್ ಬ್ಯಾಟರಿಯಲ್ಲಿ ನಡೆಯುತ್ತವೆ. ಆ ಬ್ಯಾಟರಿ ಚಾರ್ಜ್ ಮಾಡಲು ಒಂದು ಪೆಟ್ರೋಲ್ ಜನರೇಟರ್ ಕೂರಿಸಿದ್ದಾರೆ. ಬೇಸಿಗೆಯಿಡೀ ಗಾಡಿ ಮನೆ ಮುಂದೆ ಸುಮ್ನೆ ನಿಂತಿತ್ತು. ಜನರೇಟರನ್ನು ಒಂದು ಸಲವೂ ಓಡಿಸಿರಲಿಲ್ಲ.

ನಾವು ಹೋದದ್ದು ಫ್ಲಾಗ್‌ಸ್ಟಾಫ್ ಹತ್ತಿರ. ಆ ಊರು ಸುಮಾರು 2,100 ಮೀಟರ್ ಎತ್ತರದಲ್ಲಿದೆ, ನಮ್ಮ ಚಿತ್ರದುರ್ಗದ ಹೆಚ್ಚುಕಡಿಮೆ ಮೂರು ಪಟ್ಟು. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಹೀಟರ್ ಫ್ಯಾನ್ ರಾತ್ರಿಯಿಡೀ ತಿರುಗಿ ಬೆಳಗಿನ ಹೊತ್ತಿಗೆ ಬ್ಯಾಟರಿ ಸೋತಿತ್ತು. ಜನರೇಟರ್ ಹಾಕೋಣ ಅಂತ ಬಟನ್ ಒತ್ತಿದರೆ ಬರೀ ‘ಟಕ್’. ಇವರು ಮತ್ತೆ ಮತ್ತೆ ಒತ್ತಿದರು. ಪುಟ್ಟಿ ಕಂಬಳಿಯೊಳಗೆ ನಡುಗುತ್ತಿದ್ದಳು.

ಸಾಕು ಬಿಡಿ ಅಂತ ಇವರನ್ನು ತಡೆದೆ. ತೋಟದ ಡೀಸೆಲ್ ಇಂಜಿನ್ ಕೈಕೊಟ್ಟಾಗ ನೀವು ಒಮ್ಮೆಲೇ ಹ್ಯಾಂಡಲ್ ತಿರುಗಿಸುತ್ತಿರಲಿಲ್ಲ ಅಲ್ವಾ? ಮೊದಲು ಸುತ್ತಲೂ ನೋಡುತ್ತಿದ್ದಿರಿ. ನಾನು ಟಾರ್ಚ್ ಹಿಡಿದು ನಿಲ್ಲುತ್ತಿದ್ದೆ. ಇಲ್ಲೂ ಹಾಗೇ ಶುರುಮಾಡಿದೆ.

ಬರೀ ಟಕ್ ಅಂದು ಸೆಲ್ಫ್ ತಿರುಗದಿದ್ದರೆ ಮೊದಲು ನೋಡಬೇಕಾದ್ದು ಬ್ಯಾಟರಿ. ನೆಗೆಟಿವ್ ಟರ್ಮಿನಲ್ ಮೇಲೆ ಬಿಳಿ ಉಪ್ಪು ಕೂತಿತ್ತು. ಬಿಚ್ಚಿ, ಅಡುಗೆ ಸೋಡಾ ನೀರಿನಲ್ಲಿ ತಿಕ್ಕಿ, ಒರೆಸಿ, ಬಿಗಿ ಮಾಡಿದೆ. ಗಾಡಿಯ ಇಂಜಿನ್ ಅರ್ಧ ಗಂಟೆ ಓಡಿಸಿದೆವು, ಆಗ ಈ ಬ್ಯಾಟರಿಯೂ ಚಾರ್ಜ್ ಆಗುತ್ತದೆ. ಸೆಲ್ಫ್ ಈಗ ಗಟ್ಟಿಯಾಗಿ ತಿರುಗಿತು. ಇಂಜಿನ್ ಮಾತ್ರ ಹಿಡಿಯಲಿಲ್ಲ. ಆಯಿಲ್ ಕಡಿಮೆಯಾದರೂ ಇಂಥವು ತಾವೇ ನಿಂತುಬಿಡುತ್ತವೆ. ಕಡ್ಡಿ ತೆಗೆದು ನೋಡಿದೆ, ಮಟ್ಟ ಸರಿ ಇತ್ತು.

ತೊಂದರೆ ಇದ್ದದ್ದು ಟ್ಯಾಂಕಿನಲ್ಲಿ. ಗಾಡಿಗೂ ಜನರೇಟರಿಗೂ ಒಂದೇ ಟ್ಯಾಂಕ್, 55 ಗ್ಯಾಲನ್, ಅಂದರೆ 208 ಲೀಟರ್. ಜನರೇಟರಿಗೆ ಪೆಟ್ರೋಲ್ ಎಳೆಯುವ ಪೈಪನ್ನು ತಳದವರೆಗೆ ಇಳಿಸಿರುವುದಿಲ್ಲ. ಸುಮಾರು ಕಾಲು ಟ್ಯಾಂಕಿನ ಮಟ್ಟಕ್ಕೇ ನಿಲ್ಲಿಸಿರುತ್ತಾರೆ. ಜನರೇಟರ್ ಓಡಿ ಓಡಿ ಪೆಟ್ರೋಲೆಲ್ಲ ಕುಡಿದುಬಿಟ್ಟರೆ ಕಾಡಿನಿಂದ ವಾಪಸ್ ಬರುವುದು ಹೇಗೆ? ಅದಕ್ಕೇ ಈ ಏರ್ಪಾಡು. ಎಷ್ಟು ಒಳ್ಳೆಯ ಯೋಚನೆ ನೋಡಿ. ನಮ್ಮ ಪೆಟ್ರೋಲ್ ಮೀಟರಿನ ಮುಳ್ಳು ಕಾಲು ಟ್ಯಾಂಕಿಗಿಂತ ಕೆಳಗಿತ್ತು. ಗಾಡಿ ಓಡುತ್ತಿದೆಯಲ್ಲ, ಪೆಟ್ರೋಲ್ ಇದೆ ಅಂದುಕೊಂಡಿದ್ದೆವು.

ಬಂಕಿಗೆ ಹೋಗಿ ತುಂಬಿಸಿಕೊಂಡು ಬಂದರೂ ಸ್ಟಾರ್ಟ್ ಆಗಲಿಲ್ಲ. ಪೈಪಿನಲ್ಲಿ ಗಾಳಿ ಹಿಡಿದಿತ್ತು. ನೀವು ನಟ್ ಸಡಿಲ ಮಾಡಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪು ಒತ್ತುತ್ತಿದ್ದಿರಲ್ಲ, ನಮ್ಮ ಜನರೇಟರಿನಲ್ಲಿ ಆ ಕೆಲಸಕ್ಕೆ ಸ್ಟಾಪ್ ಬಟನ್ನೇ ಸಾಕು. ಒತ್ತಿ ಹಿಡಿದರೆ ಪೆಟ್ರೋಲ್ ಪಂಪು ಮಾತ್ರ ಓಡುತ್ತದೆ. ಮೊದಲು ಟರಟರ ಅಂತಿತ್ತು. ಅರ್ಧ ನಿಮಿಷ ಕಳೆದ ಮೇಲೆ ಸದ್ದು ಭಾರವಾಯಿತು. ಕೂಡಲೇ ಸ್ಟಾರ್ಟ್ ಒತ್ತಿದೆ. ಹಿಡೀತು ಅಪ್ಪಾಜಿ! ಮಕ್ಕಳು ಚಪ್ಪಾಳೆ ಹೊಡೆದರು. ನನಗೆ ಕಣ್ಣಲ್ಲಿ ನೀರು ಬಂತು.

ರೇಸ್ ಏರುತ್ತ ಇಳಿಯುತ್ತ ಇತ್ತು. ಹಳೆ ಪೆಟ್ರೋಲ್ ಕಾರ್ಬ್ಯುರೇಟರಿನಲ್ಲಿ ಅಂಟಾಗಿ ಕೂತಿತ್ತು. ಮನೆಗೆ ಬಂದ ಮೇಲೆ ಬಿಚ್ಚಿ ತೊಳೆಸಿದೆವು. ಇನ್ನು ಮೇಲೆ ತಿಂಗಳಿಗೆ ಎರಡು ಗಂಟೆ, ಅರ್ಧ ಲೋಡ್ ಕೊಟ್ಟು ಓಡಿಸುತ್ತೇವೆ.

ಅವ್ವ, ಅವತ್ತು ನೀನು ಕಳಿಸಿದ ಖಾರ ಮಂಡಕ್ಕಿಯೇ ನಮ್ಮೆಲ್ಲರ ತಿಂಡಿ. ಬಯಲು ಗಣಪನಿಗೆ ನಮ್ಮ ಹೆಸರಲ್ಲಿ ಒಂದು ಕಾಯಿ ಒಡೆಸು.

ಅಪ್ಪಾಜಿ, ಇನ್ನೊಂದು ವಿಷಯ, ಇದು ತುಂಬ ಮುಖ್ಯ. ಸ್ಟಾರ್ಟ್ ಮಾಡುವ ಮೊದಲು ಇವರು ಹೊಗೆ ಪೈಪಿನ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿದರು. ಆಗ ನನಗೆ ಹೊಳಲ್ಕೆರೆ ಮನೆ ನೆನಪಾಯಿತು. ತಮ್ಮ ವಿಡಿಯೋ ಕಾಲಿನಲ್ಲಿ ಹೊಸ ಜನರೇಟರ್ ತೋರಿಸಿದ್ದ. ಮೆಟ್ಟಿಲ ಕೆಳಗೆ, ಅಡುಗೆಮನೆ ಕಿಟಕಿ ಪಕ್ಕದಲ್ಲೇ ಇಟ್ಟಿದ್ದಾನೆ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆಸುತ್ತು ಬರುತ್ತದೆ. ಮಲಗಿದ್ದವರಿಗೆ ಅದೂ ಗೊತ್ತಾಗುವುದಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಕಿಟಕಿ ತೆರೆದಿಟ್ಟರೆ ಸಾಕು ಅಂತ ಅವನು ಹೇಳಬಹುದು. ಸಾಲದು.

ದಯವಿಟ್ಟು ಅದನ್ನು ಹಿತ್ತಲಿಗೆ ಸಾಗಿಸಿ. ಮನೆಯಿಂದ 20 ಅಡಿಯಾದರೂ ದೂರ ಇರಲಿ, ಹೊಗೆ ಪೈಪು ತೋಟದ ಕಡೆಗಿರಲಿ. ಮಳೆಗೆ ನೆನೆಯುತ್ತದೆ ಅಂದರೆ ಹಳೆ ಪಂಪ್ ಶೆಡ್ಡಿನ ತಗಡು ಇದೆಯಲ್ಲ, ನಾಲ್ಕು ಕಂಬ ನೆಟ್ಟು ಮೇಲೆ ಹೊದಿಸಿ, ಸುತ್ತ ಗೋಡೆ ಬೇಡ. ಬರುವಾಗ ನಾನು ಈ ಅನಿಲ ಬಂದರೆ ಕೂಗುವ ಎರಡು ಅಲಾರಂ ತರುತ್ತೇನೆ. ಅಲ್ಲಿಯವರೆಗೆ ಕಾಯಬೇಡಿ. ಜಾಗ ಬದಲಿಸಿದ ದಿನವೇ ಒಂದು ಫೋಟೋ ಕಳಿಸಲು ತಮ್ಮನಿಗೆ ಹೇಳಿ.

ನಿಮ್ಮ ಮಗಳು