ದಿಂಬಿನ ಕತೆ ಬಿಡಿ, ಪೋಸ್ಟ್‌ಮಾರ್ಟಂ ಯಾಕೆ ಆಗಲಿಲ್ಲ ಅದನ್ನ ಕೇಳಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ನಿಮ್ಮ ಪುರವಣೀಲಿ ನಿಗೂಢ ಸಾವುಗಳ ಬಗ್ಗೆ ಒಂದು ಬರಹ ಬಂದಿತ್ತಲ್ಲ, ಅದ್ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜಡ್ಜ್ ಆಂಟೊನಿನ್ ಸ್ಕಾಲಿಯಾ ಬಗ್ಗೆ ನಾಲ್ಕೇ ನಾಲ್ಕು ಸಾಲು ಇತ್ತು. ಮುಖದ ಮೇಲೆ ದಿಂಬು ಸಿಕ್ತು, ಪೋಸ್ಟ್‌ಮಾರ್ಟಂ ಮಾಡ್ಲಿಲ್ಲ, ಸತ್ಯ ಮಣ್ಣಾಯ್ತು, ಮುಗೀತು. ಅದನ್ನ ಓದಿದ್ಮೇಲೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಎರಡು ದಿನ ಅದೇ ಚರ್ಚೆ, ಕೊಲೆನೇ ಅಂತ ತೀರ್ಪು ಕೂಡ ಬಂತು, ಅದಕ್ಕೇ ಈ ಕಾಗದ ಬರೀತಿದೀನಿ.

ಮೊದ್ಲು ಆ ದಿಂಬಿನ ವಿಷ್ಯ. 2016ರ ಫೆಬ್ರವರಿ 13, ಟೆಕ್ಸಾಸ್‌ನ ಪ್ರೆಸಿಡಿಯೊ ಕೌಂಟಿ, ಅಂದ್ರೆ ನಮ್ಮ ಜಿಲ್ಲೆ ಥರ, ಮೆಕ್ಸಿಕೋ ಬಾರ್ಡರ್ ಹತ್ರ ಸಿಬೊಲೊ ಕ್ರೀಕ್ ಅಂತ ಒಂದು ದೊಡ್ಡ ರಾಂಚು, ದುಡ್ಡಿದ್ದೋರು ಬೇಟೆಗೆ, ರೆಸ್ಟಿಗೆ ಹೋಗೋ ಜಾಗ. ಹಿಂದಿನ ದಿನ ಬಂದಿದ್ದ 79 ವರ್ಷದ ಮನುಷ್ಯ ರಾತ್ರಿ ಸುಸ್ತು ಅಂತ ಬೇಗ ಹೋಗಿ ಮಲಗಿದ್ರು, ಬೆಳಿಗ್ಗೆ ತಿಂಡಿಗೆ ಬರಲಿಲ್ಲ, ಬಾಗಿಲು ತಟ್ಟಿದ್ರೆ ಉತ್ತರ ಇಲ್ಲ, ಆಮೇಲೆ ಒಳಗೆ ಹೋಗಿ ನೋಡಿದ್ರೆ ಹೋಗ್ಬಿಟ್ಟಿದ್ರು. ರಾಂಚ್ ಮಾಲೀಕರು ಪೇಪರ್‌ನೋರಿಗೆ ಹೇಳುವಾಗ ತಲೆ ಮೇಲೆ ದಿಂಬು ಇತ್ತು ಅಂದ್ಬಿಟ್ರು. ಕೆಲವೇ ದಿನಕ್ಕೆ ಅವ್ರೇ ಬಿಡಿಸಿ ಹೇಳಿದ್ರು, ದಿಂಬು ಇದ್ದಿದ್ದು ತಲೆಗೂ ಮಂಚದ ತಲೆಹಲಗೆಗೂ ಮಧ್ಯ, ಮುಖ ಮುಚ್ಚಿರಲಿಲ್ಲ ಅಂತ. ಆದ್ರೆ ಅಷ್ಟೊತ್ತಿಗೆ ಆ ದಿಂಬು ಊರೂರು ಸುತ್ತಿ ಬಂದಾಗಿತ್ತು, ಆಗ ಎಲೆಕ್ಷನ್‌ಗೆ ನಿಂತಿದ್ದ ಟ್ರಂಪ್ ಕೂಡ ರೇಡಿಯೋದಲ್ಲಿ ದಿಂಬಿನ ಮಾತಾಡಿದ್ರು. ಇಷ್ಟು ವರ್ಷ ಆದ್ಮೇಲೂ ನಿಮ್ಮ ಪುರವಣೀಲಿ ಅದು ಮುಖದ ಮೇಲೇ ಕೂತಿದೆ ನೋಡಿ.

ಈಗ ನಿಜವಾಗ್ಲೂ ಕೇಳಬೇಕಾದ ವಿಷ್ಯಕ್ಕೆ ಬರ್ತೀನಿ. ನಾನು ತಾಲ್ಲೂಕು ಆಫೀಸಲ್ಲಿ ಕೇಸ್ ವರ್ಕರ್ ಆಗಿ ರಿಟೈರ್ ಆದೋನು, ಯುಡಿಆರ್ ಫೈಲು ಅಂದ್ರೆ ಅಸಹಜ ಸಾವಿನ ಫೈಲುಗಳು ತಹಶೀಲ್ದಾರರ ಹತ್ರ ಹೋಗೋ ಮೊದ್ಲು ನನ್ನ ಟೇಬಲ್ ಮೇಲೆ ಬಂದು ಹೋಗ್ತಿದ್ವು. ಪಂಚನಾಮೆ, ಪಿಎಂ ಅಂದ್ರೆ ಪೋಸ್ಟ್‌ಮಾರ್ಟಂ ರಿಪೋರ್ಟು, ಅನುಮಾನ ಇದ್ರೆ ವಿಸೆರಾ ಅಂದ್ರೆ ಒಳಗಿನ ಅಂಗಗಳ ಸ್ಯಾಂಪಲ್ಲು ಲ್ಯಾಬಿಗೆ ಹೋಗಿ ಬಂದ ಕಾಗದ, ಇದನ್ನೆಲ್ಲ ಹೊಲಿದು ಇಟ್ಟು ಇಟ್ಟು ಅಭ್ಯಾಸ ಆದೋನಿಗೆ ಸ್ಕಾಲಿಯಾ ಫೈಲು ಹೇಗಿತ್ತು ಅಂತ ಓದಿದಾಗ ನಿಜವಾಗ್ಲೂ ಬಾಯಿಗೆ ಮಾತು ಬರಲಿಲ್ಲ. ಅಲ್ಲಿ ಸಾವನ್ನ ಘೋಷಣೆ ಮಾಡಿದ್ದು ಫೋನಲ್ಲಿ ರೀ! ಟೆಕ್ಸಾಸ್‌ನ ಸಣ್ಣ ಕೌಂಟಿಗಳಲ್ಲಿ ಇಂಥ ಸಾವು ನೋಡೋ ಅಧಿಕಾರ ಜಸ್ಟಿಸ್ ಆಫ್ ದಿ ಪೀಸ್ ಅನ್ನೋರಿಗೆ, ಅವ್ರು ಡಾಕ್ಟರ್ ಅಲ್ಲ, ವಕೀಲರೂ ಆಗಿರಬೇಕು ಅಂತಿಲ್ಲ, ಓಟಲ್ಲಿ ಗೆದ್ದು ಬರೋರು. ಆವತ್ತು ಅವ್ರೂ ಕೈಗೆ ಸಿಗಲಿಲ್ಲ, ಹಾಗಾಗಿ ಕೌಂಟಿ ಜಡ್ಜ್, ಅಂದ್ರೆ ಕೌಂಟಿ ಆಡಳಿತದ ಮುಖ್ಯಸ್ಥೆ, ಸಿಂಡರೆಲಾ ಗುವೆರಾ ಅವ್ರಿಗೆ ಫೋನ್ ಹೋಯ್ತು, ಅವ್ರು ಸ್ಥಳಕ್ಕೆ ಹೋಗದೆ, ಅಲ್ಲಿದ್ದ ಶೆರಿಫ್ ಅಂದ್ರೆ ಕೌಂಟಿ ಪೊಲೀಸ್ ಮುಖ್ಯಸ್ಥ, ಮತ್ತೆ ಕೇಂದ್ರ ಸರ್ಕಾರದ ಮಾರ್ಷಲ್ ಪೊಲೀಸರು ಏನೂ ಅನುಮಾನ ಕಾಣಲ್ಲ ಅಂದಿದ್ದನ್ನ ನಂಬಿ, ಸ್ಕಾಲಿಯಾ ಅವರ ಡಾಕ್ಟರ್ ಹತ್ರಾನೂ ಮಾತಾಡಿ, ಸಹಜ ಸಾವು ಅಂತ ಬರೆದ್ರು. ಮೊದ್ಲು ಟಿವಿಯಲ್ಲಿ ಹಾರ್ಟ್ ಅಟ್ಯಾಕ್ ಅಂತ ಬಂತು, ಆಮೇಲೆ ಅವ್ರೇ ನಾನು ಹೇಳಿದ್ದು ಹೃದಯ ನಿಂತು ಹೋಯ್ತು ಅಂತಷ್ಟೇ ಅಂದ್ರು. ಫೋನಲ್ಲಿ ಘೋಷಣೆ ಮಾಡೋಕೆ ಅಲ್ಲಿನ ಕಾನೂನಲ್ಲಿ ಅವಕಾಶ ಇದೆ, ಅವ್ರು ತಪ್ಪು ಮಾಡಿದ್ರು ಅಂತ ನಾನು ಹೇಳಲ್ಲ. ಹತ್ತು ಸಾವಿರ ಚದರ ಕಿಲೋಮೀಟರ್ ಹತ್ರ ಇರೋ ಕೌಂಟಿ, ಜನ ಆರೇಳು ಸಾವಿರ, ಎಲ್ ಪಾಸೊ ಅಂದ್ರೆ 300 ಕಿಲೋಮೀಟರ್ ಮೇಲೆ, ನಮ್ಮ ಕಡೆ ಹಿಂಗಿದ್ರೂ ಇದೇ ಆಗ್ತಿತ್ತೇನೋ.

ಸಂಸಾರದೋರು ಪೋಸ್ಟ್‌ಮಾರ್ಟಂ ಬೇಡ ಅಂದ್ರು. ಇದಕ್ಕೆ ಎಷ್ಟು ಜನ ಏನೇನು ಅರ್ಥ ಹಚ್ಚಿದ್ರೋ! ಬೇಡ ಅನ್ನೋದು ಏನು ಅಂತ ನನಗೆ ಗೊತ್ತು ಸಾರ್. ಆಸ್ಪತ್ರೆ ಶವಾಗಾರದ ಹೊರಗೆ ಮಗ ಬಂದು ಕೈ ಮುಗಿದು ನಮ್ಮಪ್ಪನ್ನ ಕೊಯ್ಯಬೇಡಿ ಅಂತ ಅತ್ತಿದ್ದು ಒಂದಲ್ಲ ಎರಡಲ್ಲ, ಅದ್ರಲ್ಲಿ ಮುಚ್ಚಿಡೋಂಥದ್ದು ಏನೂ ಇರಲ್ಲ, ಮೈ ಮೇಲೆ ಚಾಕು ಬೀಳೋದನ್ನ ನೆನೆಸ್ಕೊಳ್ಳೋಕೆ ಆಗಲ್ಲ ಅಷ್ಟೇ. ಆದ್ರೆ ಅದೇ ಮನೆಯೋರು ಆರು ತಿಂಗಳು ಬಿಟ್ಟು ಇನ್ಶೂರೆನ್ಸ್‌ನೋರು ಪಿಎಂ ರಿಪೋರ್ಟ್ ಕೇಳ್ತಾರೆ ಅಂತಲೋ, ದಾಯಾದಿಗಳು ಏನೋ ಪುಕಾರು ಎಬ್ಬಿಸಿದ್ದಾರೆ ಅಂತಲೋ ಮತ್ತೆ ಆಫೀಸಿಗೆ ಬರ್ತಿದ್ರು, ಆಗ ಕೊಡೋಕೆ ನಮ್ಮ ಹತ್ರ ಏನೂ ಇರ್ತಿರಲಿಲ್ಲ. ಸ್ಕಾಲಿಯಾ ಕೇಸಲ್ಲೂ ಹಾಗೇ ಆಯ್ತು. ಬಾಡಿನ ಎಲ್ ಪಾಸೊಗೆ ಒಯ್ದು, ಕೆಡದ ಹಾಗೆ ಔಷಧಿ ಏರಿಸಿ, ಮನೆಗೆ ಕಳಿಸಿದ್ರು. ಔಷಧಿ ಏರಿಸಿದ್ಮೇಲೆ ವಿಷದ ಪರೀಕ್ಷೆ ಮಾಡೋದು ಎಷ್ಟು ಕಷ್ಟ ಅಂತ ಯಾವ ಡಾಕ್ಟರನ್ನ ಕೇಳಿದ್ರೂ ಹೇಳ್ತಾರೆ. ವಾಷಿಂಗ್ಟನ್ ಪೊಲೀಸ್‌ನಲ್ಲಿ ಕ್ರಿಮಿನಲ್ ತನಿಖೆ ವಿಭಾಗದ ಮುಖ್ಯಸ್ಥರಾಗಿದ್ದ ನಿವೃತ್ತ ಅಧಿಕಾರಿಯೊಬ್ರು ಫೇಸ್‌ಬುಕ್ಕಲ್ಲಿ ಇದನ್ನೇ ಕೇಳಿದ್ದು, ಪೋಸ್ಟ್‌ಮಾರ್ಟಂ ಇಲ್ಲದೆ ಹೇಗೆ ರೀ ಗೊತ್ತಾಗುತ್ತೆ ಅಂತ. ಅವ್ರನ್ನೂ ತಲೆಕೆಟ್ಟೋರು ಅನ್ನೋಕಾಗುತ್ತಾ?

ನನಗೆ ಅನ್ಸೋದು ಸ್ಕಾಲಿಯಾ ಸಹಜವಾಗೇ ಹೋದ್ರು ಅಂತ. ಹೃದಯದ ರಕ್ತನಾಳದ ತೊಂದ್ರೆ, ಶುಗರ್ರು, ಬಿಪಿ, ಬೊಜ್ಜು, ನಿದ್ದೇಲಿ ಉಸಿರು ಕಟ್ಟೋ ಕಾಯಿಲೆ, ಎಲ್ಲಾ ಇತ್ತು ಅಂತ ಅಮೆರಿಕ ಸಂಸತ್ತಿನ ಡಾಕ್ಟರ್ ಪತ್ರ ಬರೆದ್ರು. ಉಸಿರಾಟದ ಮೆಷಿನ್ ಮಂಚದ ಪಕ್ಕದಲ್ಲೇ ಇತ್ತು, ಆನ್ ಆಗಿರಲಿಲ್ಲ ಅಂತ ಶೆರಿಫ್ ರಿಪೋರ್ಟಲ್ಲಿದೆ. ಇವೆಲ್ಲ ಹೊರಗೆ ಬಂದಿದ್ದು ಜನ ಆಗ್ಲೇ ಒಂದೊಂದು ಪಾರ್ಟಿ ಸೇರ್ಕೊಂಡ ಮೇಲೆ, ಲೇಟಾಗಿ ಬಂದ ಕಾಗದಾನ ಯಾರು ನಂಬ್ತಾರೆ ಹೇಳಿ, ಈಗ ಸೃಷ್ಟಿ ಮಾಡಿದ್ದು ಅಂತಾರೆ.

ಅನುಮಾನಕ್ಕೆ ಇನ್ನೊಂದು ಕಾರಣ ಟೈಮಿಂಗು. 1986ರಲ್ಲಿ ರೇಗನ್ ನೇಮಕ ಮಾಡಿದಾಗ ನೇಮಕಕ್ಕೆ ಒಪ್ಪಿಗೆ ಕೊಡೋ ಮೇಲ್ಮನೆ ಸೆನೆಟ್‌ನಲ್ಲಿ 98-0 ಓಟಲ್ಲಿ ಗೆದ್ದಿದ್ದ ಮನುಷ್ಯ, ಕೋರ್ಟಿನ ಬಲಪಂಥದ ಕಡೆ ದೊಡ್ಡ ಕಂಬ, ಅವ್ರು ಹೋದ್ರೆ ಬೆಂಚು 4-4 ಸಮ ಆಗೋಗುತ್ತೆ, ಅದೂ ಎಲೆಕ್ಷನ್ ವರ್ಷ, ಒಬಾಮಾ ಅಧಿಕಾರದಲ್ಲಿದ್ದಾರೆ. ಸಾವಿನ ಸುದ್ದಿ ಬಂದ ದಿನಾನೇ ಆಗ ಒಬಾಮಾ ವಿರೋಧಿ ಪಕ್ಷದ ಕೈಯಲ್ಲಿದ್ದ ಸೆನೆಟ್‌ನ ನಾಯಕ ಮಿಚ್ ಮೆಕಾನಲ್ ಹೊಸ ಅಧ್ಯಕ್ಷ ಬರೋವರೆಗೂ ಆ ಸೀಟು ಭರ್ತಿ ಮಾಡಬಾರದು ಅಂದ್ಬಿಟ್ರು, ಅಂದ್ರೆ ಕಣ್ಣೀರು ಆರೋ ಮುಂಚೆ ಕುರ್ಚಿ ಲೆಕ್ಕ ಶುರು. ಮಾರ್ಚ್ 16ಕ್ಕೆ ಒಬಾಮಾ ಮೆರಿಕ್ ಗಾರ್ಲಂಡ್ ಹೆಸ್ರು ಕಳಿಸಿದ್ರು, ಸೆನೆಟ್ ವಿಚಾರಣೆನೇ ಮಾಡ್ಲಿಲ್ಲ, ಕೊನೆಗೆ 2017ರ ಏಪ್ರಿಲ್‌ನಲ್ಲಿ ಟ್ರಂಪ್ ಆರಿಸಿದ ನೀಲ್ ಗೋರ್ಸಚ್ ಬಂದು ಕೂತ್ರು. ಒಬಾಮಾ ಕಡೆಯೋರೇ ಮುಗಿಸಿದ್ರು ಅನ್ನೋರನ್ನ ನಾನು ಕೇಳೋದು ಇದೇ, ಅಷ್ಟು ದೊಡ್ಡ ಪ್ಲಾನ್ ಮಾಡಿದೋರಿಗೆ ಸೀಟು ಸಿಗುತ್ತೋ ಇಲ್ವೋ ಅಂತ ಎಣಿಸೋಕೂ ಬರಲಿಲ್ವಾ?

ಪಿಎಂ ಮಾಡಿದ್ರೆ ಎಲ್ಲಾ ಸರಿ ಹೋಗಿಬಿಡ್ತಿತ್ತಾ ಅಂತ ನೀವು ಕೇಳಬಹುದು. ನಮ್ಮಲ್ಲೇ ನೋಡಿ, ಸಿಬಿಐ ವಿಶೇಷ ಕೋರ್ಟಿನ ಜಡ್ಜ್ ಲೋಯಾ 2014ರ ಡಿಸೆಂಬರ್ 1ರಂದು ನಾಗಪುರದಲ್ಲಿ ತೀರಿಕೊಂಡಾಗ ಪೋಸ್ಟ್‌ಮಾರ್ಟಂ ಆಗಿತ್ತು, ಆದ್ರೂ ಮೂರು ವರ್ಷ ಬಿಟ್ಟು 2017ರಲ್ಲಿ ಅನುಮಾನ ಎದ್ದು ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, 2018ರ ಏಪ್ರಿಲ್ 19ಕ್ಕೆ ಕೋರ್ಟು ಸಹಜ ಸಾವು, ಬೇರೆ ತನಿಖೆ ಬೇಡ ಅಂತು. ಆ ತೀರ್ಪಿಂದ ಎಲ್ರಿಗೂ ಸಮಾಧಾನ ಆಯ್ತು ಅಂತ ನಾನು ಹೇಳಲ್ಲ. ಆದ್ರೆ ಎರಡೂ ಕಡೆ ವಕೀಲರು ಬಡಿದಾಡೋಕೆ ಕೈಯಲ್ಲಿ ಕಾಗದ ಅಂತ ಇತ್ತು, ಇದು ಹಿಂಗ್ಯಾಕೆ ಬರೆದಿದೆ, ಅಲ್ಲಿ ಯಾಕೆ ತಿದ್ದಿದೆ ಅಂತ ಕೇಳೋಕಾದ್ರೂ ಇತ್ತು. ಸ್ಕಾಲಿಯಾ ವಿಷ್ಯದಲ್ಲಿ ಬಡಿದಾಡೋಕೆ ಸಿಕ್ಕಿದ್ದು ಒಂದು ದಿಂಬು ಮಾತ್ರ.

ಅದಕ್ಕೇ ನನ್ನ ಅಭಿಪ್ರಾಯ, ಅಧಿಕಾರದಲ್ಲಿರೋ ಉನ್ನತ ಕೋರ್ಟಿನ ಜಡ್ಜು ಯಾರೂ ಪಕ್ಕದಲ್ಲಿಲ್ಲದಾಗ ಹೀಗೆ ಹೋದ್ರೆ ಪಿಎಂ ಬೇಕಾ ಬೇಡ್ವಾ ಅಂತ ಹೆಂಡ್ತಿ ಮಕ್ಕಳನ್ನ ಕೇಳಲೇಬಾರದು, ಅದು ರೂಲೇ ಆಗಿರಬೇಕು, ಅಲ್ಲೂ ಇಲ್ಲೂ. ಕೇಳೋದೇ ಅವ್ರಿಗೆ ಮಾಡೋ ಅನ್ಯಾಯ, ಬೇಡ ಅಂದ್ರೆ ಇಷ್ಟು ವರ್ಷ ಅವ್ರ ಮೇಲೇ ಗೂಬೆ ಕೂರಿಸ್ತಾರೆ. ಒಂಬತ್ತು ಮಕ್ಕಳ ತಂದೆ ಸ್ಕಾಲಿಯಾ, ಆ ಮಕ್ಕಳು ಇದನ್ನೆಲ್ಲ ಓದಿಕೊಂಡೇ ಇರಬೇಕಲ್ವಾ.

ಇನ್ನು ನಿಮ್ಮ ಪುರವಣಿ ತಿದ್ದುಪಡಿ. ದಿಂಬು ಮುಖದ ಮೇಲೆ ಇರಲಿಲ್ಲ ಅಂತ ಒಂದು ಸಾಲು ಮುಂದಿನ ಭಾನುವಾರ ಹಾಕಿ, ಮೂಲೇಲಿ ಸಣ್ಣ ಅಕ್ಷರದಲ್ಲಿ ಬೇಡ, ಆ ಬರಹ ಬಂದ ಪುಟದಲ್ಲೇ ಹಾಕಿ. ನಮ್ಮ ಗ್ರೂಪಿಗೆ ಫೋಟೋ ತೆಗೆದು ಕಳಿಸೋಕೆ ಬೇಕು.

ಇಂತಿ,
ನಿವೃತ್ತ ಕೇಸ್ ವರ್ಕರ್, ನಿಮ್ಮ ಹಳೇ ಓದುಗ