ಹಾಡೋಕಿಂತ ಮೊದಲ ಬರದೋರ ಹೆಸರ ಹೇಳ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ತಿಂಗಳು ಕಲಬುರಗಿಯೊಳಗ ನಮ್ಮ ಅಕ್ಕನ ಮಗಳ ಲಗ್ನ ಇತ್ತು, ರಾತ್ರಿ ರಿಸೆಪ್ಷನ್‌ಗೆ ಆರ್ಕೆಸ್ಟ್ರಾ ಕರೆಸಿದ್ರು. ಹಾಡೋ ಹುಡುಗ ಮೈಕ್ ಹಿಡದು 'ಇದು ನಮ್ಮ ಹೊಸ ಜೋಡಿಗೆ' ಅಂತ ಹೇಳಿ 'ನೀ ಹೀಂಗ ನೋಡಬ್ಯಾಡ ನನ್ನ' ಶುರು ಮಾಡಿದ, ಮಂದಿ ಸೀಟಿ ಹೊಡದ್ರು, ಮದುಮಗಳು ನಾಚಿ ತಲಿ ತಗ್ಗಿಸಿದಳು. ದನಿ ಭಾಳ ಚಂದ ಇತ್ತು, ಸುಳ್ಳ್ಯಾಕ ಹೇಳ್ಲಿ. ಆದ್ರ ನನಗ ಕೈಯಾಗಿನ ತಾಟಿಂದು ಒಂದು ತುತ್ತೂ ಇಳೀಲಿಲ್ಲ.

ಅದು ಪ್ರೀತಿ ಹಾಡಲ್ಲರಿ. ಬೇಂದ್ರೆಯವರು ಕೂಸು ಕಳಕೊಂಡ ಹೊತ್ತಿನಾಗ ಹುಟ್ಟಿದ ಪದ ಅದು, ಹೆಂಡ್ತಿ ಮಾತಿಲ್ಲದ ಮಾರಿ ನೋಡ್ತಾಳ, ಆ ನೋಟ ತಡಕೊಳ್ಳಲಾರ್ದ ಗಂಡ ಹಂಗ ನೋಡಬ್ಯಾಡ ಅಂತಾನ. ನಡುವ 'ಮಲಗಿರುವ ಕೂಸು ಮಲಗಿರಲಿ' ಅಂತ ಬರ್ತದ, ಆ ಸಾಲಿಗೂ ಕೀಬೋರ್ಡಿನವ ಅದೇ ಜೋರ್ ತಾಳ ಹಾಕಿದ್ದ. ನಮ್ಮವ್ವ ಒಂದು ಕೂಸು ಮಣ್ಣಿಗೆ ಕೊಟ್ಟಾಕಿ, ರೇಡಿಯೋದಾಗ ಈ ಹಾಡು ಬಂದ್ರ ರೊಟ್ಟಿ ಬಡಿಯೋ ಕೈ ನಿಲ್ಲಿಸಿ ಒಲಿ ಕಡಿ ನೋಡ್ಕೋತ ಕುಂದ್ರತಿದ್ಲು. ಊಟ ಆದ್ಮ್ಯಾಲ ಆ ಹುಡುಗನ್ನ ಕರದು ಹೇಳಿದೆ, ಅವ ಸುಮ್ನ ನಿಂತ್ಕೊಂಡು 'ಯಾರೂ ಹೇಳಿಲ್ಲರಿ ಕಾಕಾ' ಅಂದ. ಖರೇನ, ಯಾರೂ ಹೇಳಿಲ್ಲ.

ರಾಜ್ಯೋತ್ಸವಕ್ಕ ಹಾಡ್ತೀವಲ್ಲ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು', ಬರದೋರು ಗದಗದ ವಕೀಲರು ಹುಯಿಲಗೋಳ ನಾರಾಯಣರಾವ್. 1924ರಾಗ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಾಗ ಹಾಡಿದ್ದು. ಉದಯವಾಗಲಿ ಅಂತ ಯಾಕ ಬೇಡಿಕೊಂಡ್ರಂದ್ರ ಆಗ ಒಂದು ಕನ್ನಡ ನಾಡೇ ಇರಲಿಲ್ಲ, ನಮ್ಮ ಕಲಬುರಗಿ ಬೀದರ ಎಲ್ಲಾ ನಿಜಾಮನ ಕೈಯಾಗಿತ್ತು, 1948ರ ಸೆಪ್ಟೆಂಬರ್ ತನಕಾ ಅಲ್ಲೇ, ಆಮ್ಯಾಲ 1956ಕ್ಕ ನಾವು ಈ ಕಡಿ ಸೇರಿದ್ವಿ. ಅಂದ್ರ ಆ ಹಾಡು ನಮ್ಮನ್ನ 32 ವರ್ಷ ಕಾದದ. ಇದನ್ನ ನಮ್ಮ ಭಾಗದ ಸಾಲಿ ಹುಡುಗರಿಗೆ ಹೇಳಿದ್ರ ಅವರು ಹಾಡೋ ಗತ್ತೇ ಬ್ಯಾರೆ ಆಗ್ತದ.

ಸಾಲಿ ಗ್ಯಾದರಿಂಗ್‌ನಾಗ 'ಕೋಡಗನ್ನ ಕೋಳಿ ನುಂಗಿತ್ತ' ಅಂದ್ರ ಕೋಳಿ ಮುಖವಾಡ ಕಟ್ಟಿ ಕುಣಸ್ತಾರ, ಅನೌನ್ಸ್ ಮಾಡೋರು 'ಜಾನಪದ ಗೀತೆ' ಅಂತಾರ. ಬರದದ್ದು ಶಿಶುನಾಳ ಶರೀಫರು, ತಾವೂ ಕೆಲ ಕಾಲ ಸಾಲಿ ಮಾಸ್ತರ ಆಗಿದ್ದೋರು. ಕೊನಿಗೆ ಗುರು ಗೋವಿಂದ ಭಟ್ಟರ ಪಾದ ತನ್ನನ್ನೇ ನುಂಗಿತು ಅಂತಾರ, ಇಡೀ ಪದ ಅಲ್ಲಿಗೆ ಹೋಗಿ ಮುಟ್ಟತದ, ಆದ್ರ ಕುಣಿತದ ಟೈಮ್ ಸಾಲಂಗಿಲ್ಲ ಅಂತ ಆ ನುಡಿನೇ ಕತ್ತರಿಸಿದ್ದು ನಾ ನೋಡೀನಿ. ನಮ್ಮದೇ ಜಿಲ್ಲಾದ ಕಡಕೋಳ ಮಡಿವಾಳಪ್ಪನ ತತ್ವಪದಗಳಿಗೂ ಇದೇ ಗತಿ, ಏಕತಾರಿ ಹಿಡದು ಭಜನಿ ಮಾಡೋ ಹಿರ್ಯಾರಿಗೆ ಯಾರ ಪದ ಅಂತ ಗೊತ್ತದ, ಸ್ಟೇಜಿಗೆ ಬಂದ್ರ ಅದೂ 'ಜಾನಪದ'.

ನಿಮ್ಮ ಪೇಪರಿನಾಗ ವಾರಕ್ಕೊಮ್ಮೆ ಒಂದು ಹಾಡು, ಬರದೋರು ಯಾರು, ಯಾವ ಹೊತ್ತಿನಾಗ ಬರದ್ರು ಅಂತ ನಾಕು ಸಾಲು ಹಾಕ್ರಿ. ಹಾಡೋರು ಮೈಕಿನಾಗ ಅರ್ಧ ನಿಮಿಷ ಅದನ್ನ ಓದಿ ಆಮ್ಯಾಲ ಹಾಡ್ಲಿ. ಮೊದಲ್ನೇದು ಬೇಂದ್ರೆಯವರ ಆ ಹಾಡೇ ಹಾಕ್ರಿ, ಕಟ್ ಮಾಡಿ ಆ ಹುಡುಗಗ ಕಳಸ್ತೀನಿ.

ಇಂತಿ,
ನಿಮ್ಮ ಓದುಗ, ಕಲಬುರಗಿ