ಅಂಟುವಾಳದ ನೀರು ಇನ್ನು ಬಾಟಲಿಯಲ್ಲಿ ಸಿಗುವುದಿಲ್ಲ

ಮಂಡ್ಯ ಮತ್ತು ಮೈಸೂರಿನ ನಮ್ಮ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಸಂಘ ಅಂಟುವಾಳದ ನೀರನ್ನು ಬಾಟಲಿಗೆ ತುಂಬಿ ಮಾರುವುದಿಲ್ಲ. ಅದರ ಬದಲು ಬೀಜ ತೆಗೆದು ಒಣಗಿಸಿದ ಸಿಪ್ಪೆಯನ್ನೇ ಕೊಡುತ್ತೇವೆ. ಕುದಿಸಿ ಸೋಸುವ ಕೆಲಸ ಇನ್ನು ನಿಮ್ಮದು. ಯಾಕೆ ಅಂತ ಹೇಳಬೇಕಲ್ವಾ?

ಈ ಬೇಸಿಗೆಯಲ್ಲಿ ಸರಸ್ವತಿಪುರಂ ಕಡೆಯ ಒಬ್ಬ ಅಮ್ಮ ನಮ್ಮ ಬಾಟಲಿಗೆ ಎರಡು ಕವರ್ ಸುತ್ತಿಕೊಂಡು ಬಂದರು. ಮೇಜಿನ ಮೇಲಿಟ್ಟು "ನೀವೇ ತೆಗೀರಿ" ಅಂದರು. ಮುಚ್ಚಳ ತಿರುಗಿಸಿದ್ದೇ ತಡ, ಬುಸ್ ಅಂತ ನೊರೆ ಉಕ್ಕಿ ಲೆಕ್ಕದ ಪುಸ್ತಕದ ಮೇಲೆಲ್ಲ ಹರಿಯಿತು. ವಾಸನೆಯೋ, ಮೂರು ದಿನದ ಹಳಸಿದ ಗಂಜಿಯದು. ದುಡ್ಡು ವಾಪಸ್ ಕೊಡಲು ಹೋದರೆ ಮುಟ್ಟಲಿಲ್ಲ. "ನಮ್ಮಜ್ಜಿ ಅಂಟುವಾಳದ ನೀರನ್ನ ಬಾಟಲೀಲಿ ಕೂಡಿಡ್ತಿರಲಿಲ್ಲ" ಅಂದು ಎದ್ದು ಹೋದರು.

ಅವರ ಮಾತು ಸರಿ. ಅಂಟುವಾಳದಲ್ಲಿ ನೊರೆ ತರಿಸುವುದು ಸಪೋನಿನ್. ಕುದಿಸಿದಾಗ ಅದರ ಜೊತೆ ಸಿಪ್ಪೆಯಲ್ಲಿರುವ ಸಕ್ಕರೆ ಅಂಶವೂ ನೀರಿಗೆ ಇಳಿಯುತ್ತದೆ. ಹೊರಗಿಟ್ಟರೆ ಕೆಲವೇ ದಿನದಲ್ಲಿ ಹುಳಿ ಬರಲು ಶುರು. ನಿಂಬೆರಸ ಹಾಕಿ ನೋಡಿದೆವು. ನಾಲ್ಕು ದಿನ ಜಾಸ್ತಿ ಬಾಳಿತು, ಅಷ್ಟೇ. ಕೆಡದಂತೆ ಏನಾದರೂ ರಾಸಾಯನಿಕ ಹಾಕಬಹುದಿತ್ತು. ಆದರೆ "ಬೇರೇನೂ ಬೆರೆಸಿಲ್ಲ" ಅಂತ ಲೇಬಲ್ ಮೇಲೆ ಅಚ್ಚು ಹಾಕಿಸಿದವರು ನಾವೇ. ಇನ್ನೊಂದು ನಾಚಿಕೆಯ ವಿಷಯ ಏನೆಂದರೆ, ಆ ಬಾಟಲಿಯಲ್ಲಿ ಇದ್ದದ್ದು ಬಹುಪಾಲು ನೀರೇ. ಕಾವೇರಿ ನೀರು ಕುಡಿಯುವ ಮೈಸೂರಿಗೆ ಮಂಡ್ಯದಿಂದ ನೀರು ಹೊತ್ತು ಮಾರುತ್ತಿದ್ದೆವು!

ಮನೆಯಲ್ಲಿ ಮಾಡುವುದು ಕಷ್ಟವೇನಲ್ಲ. ಒಂದು ಹಿಡಿ ಸಿಪ್ಪೆ, ಅಂದರೆ ಸುಮಾರು 50 ಗ್ರಾಂ, 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ. ಪಾತ್ರೆ ದೊಡ್ಡದಿರಲಿ, ಹಾಲಿನ ಹಾಗೆ ಉಕ್ಕುತ್ತದೆ. ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ ಬಟ್ಟೆಯಲ್ಲಿ ಸೋಸಿ. ಆ ಕೈಯಲ್ಲಿ ಕಣ್ಣು ಮಾತ್ರ ಮುಟ್ಟಬೇಡಿ, ಬಹಳ ಉರಿಯುತ್ತದೆ. ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ನಮ್ಮ 250 ಗ್ರಾಂ ಪ್ಯಾಕ್‌ನಿಂದ 5 ಲೀಟರ್ ಆಗುತ್ತದೆ. ಮಾರ್ಕೆಟ್ ಸೋಪಿನಷ್ಟು ನೊರೆ ಬರುವುದಿಲ್ಲ, ಗಾಬರಿಯಾಗಬೇಡಿ. ರೇಷ್ಮೆ ಸೀರೆಗಂತೂ ಇದಕ್ಕಿಂತ ಮೃದುವಾದದ್ದನ್ನು ನಾವು ಕಂಡಿಲ್ಲ. ಆದರೂ ಮೊದಲು ಸೆರಗಿನ ಒಳಮೂಲೆಯಲ್ಲಿ ಒದ್ದೆ ಮಾಡಿ, ಬಣ್ಣ ಬಿಡುತ್ತದಾ ನೋಡಿಕೊಳ್ಳಿ.

ನೆಲ ಒರೆಸುವ ಬಯೋ ಎಂಜೈಮ್ ಹಾಗೇ ಮುಂದುವರಿಯುತ್ತದೆ. ಹುಳಿಯುವುದೇ ಅದರ ಕಸುಬು. ಅದನ್ನೂ ನೀವೇ ಮಾಡಿಕೊಂಡರೆ ನಮಗೆ ಬೇಜಾರಿಲ್ಲ. ಬೆಲ್ಲ 1 ಭಾಗ, ನಿಂಬೆ ಕಿತ್ತಳೆ ಸಿಪ್ಪೆ 3 ಭಾಗ, ನೀರು 10 ಭಾಗ, ಕಾಯುವುದು 3 ತಿಂಗಳು. ಮಳೆಗಾಲದಲ್ಲಿ ನೀರು ಬಿಟ್ಟುಕೊಂಡ ಬೆಲ್ಲವೂ ನಡೆಯುತ್ತದೆ. ಗಾಜಿನ ಜಾಡಿ ಬೇಡ, ಪ್ಲಾಸ್ಟಿಕ್ ಡಬ್ಬ ಇರಲಿ. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು. ಇಲ್ಲದಿದ್ದರೆ ನಮ್ಮ ಲೆಕ್ಕದ ಪುಸ್ತಕದ ಗತಿಯೇ.

ಇದು ಹುಳಿ ಪದಾರ್ಥ ಅನ್ನುವುದು ನೆನಪಿರಲಿ. ಮಾರ್ಬಲ್, ಕಡಪ ಕಲ್ಲು, ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ, ಇವುಗಳ ಹೊಳಪು ಕೆಡುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಇದನ್ನು ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಇದ್ದಾಗ ನಮ್ಮ ಸಾಮಾನು ನಂಬಿ ಕೂರಬೇಡಿ. ಆಗ ಬ್ಲೀಚಿಂಗ್ ಪೌಡರೇ ಸರಿ, ಅದೊಂದನ್ನೇ ಬಳಸಿ.

ಹಿತ್ತಾಳೆ ದೀಪಕ್ಕೆ ಪುಡಿ ಮಾಡಿ ಅಂತ ಆಯುಧಪೂಜೆ ಹತ್ತಿರ ಬಂದಾಗೆಲ್ಲ ಕೇಳುತ್ತೀರಿ. ಹುಣಸೆಹಣ್ಣು, ಉಪ್ಪು ನಿಮ್ಮ ಅಡುಗೆಮನೆಯಲ್ಲೇ ಇದೆ. ಅದಕ್ಕೆ ನಮಗೆ ಸುಮ್ನೆ ಯಾಕೆ ದುಡ್ಡು ಕೊಡುತ್ತೀರಿ?

ನಿಮ್ಮಲ್ಲಿರುವ ಹಳೇ ಬಾಟಲಿ ತನ್ನಿ. ತುಂಬಿದ್ದರೂ ಸರಿ, ಖಾಲಿಯಾದರೂ ಸರಿ, ಬದಲಿಗೆ ಒಂದು ಪ್ಯಾಕ್ ಸಿಪ್ಪೆ ಕೊಡುತ್ತೇವೆ. ಉಬ್ಬಿದ ಬಾಟಲಿಯಾದರೆ ಮನೆಯ ಹೊರಗೇ ಮುಚ್ಚಳ ತೆಗೆದು, ಚೆಲ್ಲಿ ತನ್ನಿ. ಡಬ್ಬಿ ತಂದವರಿಗೆ ಸಿಪ್ಪೆಯನ್ನು ಅದರಲ್ಲೇ ತೂಗಿ ಹಾಕುತ್ತೇವೆ.

ಮೊದಲ ಪ್ಯಾಕ್ ಸರಸ್ವತಿಪುರಂ ಅಮ್ಮನಿಗೇ ಕೊಟ್ಟೆವು. "ಅಂತೂ ಕುದಿಸೋ ಕೆಲಸ ನನ್ನ ತಲೆಗೇ ಕಟ್ಟಿದ್ರಿ" ಅಂತ ಬೈದುಕೊಂಡೇ ಎರಡು ಪ್ಯಾಕ್ ತೆಗೆದುಕೊಂಡು ಹೋದರು.

ಇಂತಿ,
ಸಂಘದ ಎಲ್ಲರ ಪರವಾಗಿ
ಮಂಡ್ಯ